ಏಣಿ ಬುಡದ ದೊಡ್ಡಮ್ಮ

ದೊಡ್ಡಮ್ಮನ ಬಲಗಾಲಿನ ಹೆಬ್ಬೆರಳ ಉಗುರು ಎರಡು ಹೋಳಾಗಿ ಬೆಳೀತಿತ್ತು, ಮಧ್ಯೆ ಒಂದು ಕಪ್ಪು ಗೆರೆ. ಒಂದ್ಸಲ ಏಣಿ ಜಾರಿ ಅದರ ಬುಡ ಬಂದು ಅವರ ಬೆರಳ ಮೇಲೇ ಕೂತಿತ್ತಂತೆ. ಕಾಲು ಎಳ್ಕೊಂಡಿದ್ರೆ ಏಣಿ ಪೂರ್ತಿ ಜಾರಿರೋದು. ಮೇಲಿದ್ದೋರು ಇಳಿಯೋ ತನಕ ಅವರು ಅಲ್ಲಾಡ್ಲಿಲ್ಲ. ಮೇಲಿದ್ದಿದ್ದು ನಮ್ಮಪ್ಪ.

ದೊಡ್ಡಮ್ಮ ಅಂತ ಕರೀತಿದ್ದೆ ಅಷ್ಟೇ, ನೆಂಟರಲ್ಲ. ಸುಂಟಿಕೊಪ್ಪದ ಹತ್ರ ಎಸ್ಟೇಟ್ ಕೂಲಿಯವರ ಲೈನ್ ಮನೆಗಳಲ್ಲಿ ನಮ್ಮ ಪಕ್ಕದ ಮನೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿರೋ ಕಾಳುಮೆಣಸು ಕುಯ್ಯೋಕೆ ಗಂಡಸ್ರು ಏಣಿ ಹತ್ತಿದ್ರೆ ಕೆಳಗೆ ಹಿಡಿಯೋರು ಇವರು. ಜೀವಮಾನ ಪೂರ್ತಿ ಅದೇ ಕೆಲಸ.

ನಾನೂ ಎರಡು ಸೀಸನ್ ಮೆಣಸು ಕುಯ್ದಿದೀನಿ. ಏಣಿ ಇಟ್ಟ ಮೇಲೆ ಅವರು ಅದರ ಬುಡಕ್ಕೆ ಕಾಲ್ಬೆರಳು ತಾಗಿಸಿ, ನೆಟ್ಟಗೆ ನಿಂತು ಕೈ ಚಾಚೋರು. ಅಂಗೈ ಸರಿಯಾಗಿ ಮೆಟ್ಟಿಲಿಗೆ ತಾಗಿದ್ರೆ ಏಣಿಯ ಓರೆ ಸರಿ ಇದೆ ಅಂತ ಲೆಕ್ಕ, ಆಗ ಮಾತ್ರ "ಹತ್ತು" ಅನ್ನೋರು. ಆಮೇಲೆ ಒಂದಿನ ಇದನ್ನೇ ಒಂದು ವಿಡಿಯೋದಲ್ಲಿ ನೋಡಿ ಓಡ್ಕೊಂಡು ಹೋಗಿ ತೋರಿಸ್ದೆ. "ಇವರಿಗೆ ಯಾರು ಹೇಳಿದ್ದು?" ಅಂದ್ರು, ಮುಖ ಗಂಟು ಹಾಕ್ಕೊಂಡು.

ಇನ್ನೊಂದು ರೂಲು, ಮೇಲೆ ಹೋದೋರು ಬಾಯಿ ಮುಚ್ಚಂಗಿಲ್ಲ. ಬಳ್ಳಿ ಎಲೆ ಒಳಗೆ ಮನುಷ್ಯ ಕಾಣಲ್ವಲ್ಲ, ದನಿ ಬರ್ತಿದ್ರೆ ಕೆಳಗಿರೋ ದೊಡ್ಡಮ್ಮಂಗೆ ಧೈರ್ಯ.

"ಏನು ಮಾತಾಡ್ಲಿ ದೊಡ್ಡಮ್ಮ?"

"ಬೆಳಿಗ್ಗೆ ಏನು ತಿಂದೆ, ಅದನ್ನೇ ಹೇಳು."

"ಅಕ್ಕಿ ರೊಟ್ಟಿ."

"ಎಷ್ಟು?"

"ಆರು."

"ಅದಕ್ಕೇ ಏಣಿ ಬಗ್ತಾ ಇದೆ. ನಾಳೆ ಮೂರು ತಿನ್ಕೊಂಡು ಬಾ."

ಆಮೇಲೆ ನಾನು ವಿಡಿಯೋ ನೋಡಿ ನೋಡಿ ವೈರಿಂಗ್, ಸಿಸಿಟಿವಿ ಕ್ಯಾಮರಾ ಕೆಲಸ ಕಲ್ತೆ. ತೋಟದ ಕೆಲಸ ಬಿಟ್ಟೆ. ಅವರಿಗೂ ವಯಸ್ಸಾಗಿ ಕೆಲಸ ನಿಲ್ಲಿಸಿದ್ರು.

ಹೋದ ವರ್ಷ ಮಳೆಗಾಲ ಶುರುವಾಗೋಕೆ ಮುಂಚೆ ಅವರ ಮನೆ ಮಾಡಿನ ಶೀಟ್ ಮೇಲೆ ಸಿಲ್ವರ್ ಮರದ ಎಲೆ ರಾಶಿ ಬಿದ್ದಿತ್ತು. ಬಾಗಿಲಿಗೆ ಬಂದು ಕರೆದ್ರು, "ಮಗ, ಸ್ವಲ್ಪ ಏಣಿ ಹಿಡಿ ಬಾ. ಎಲೆ ಎಳೆದು ಹಾಕ್ಬಿಡ್ತೀನಿ."

"ನೀವ್ಯಾಕೆ ಹತ್ತೋದು, ನಾನೇ ಹತ್ತೀನಿ. ಹತ್ತು ನಿಮಿಷ ದೊಡ್ಡಮ್ಮ."

ಹೊಸ ಕ್ಯಾಮರಾ ಮೊಬೈಲಿಗೆ ಕನೆಕ್ಟ್ ಆಗ್ತಿರಲಿಲ್ಲ. ಹಠ ಹಿಡಿದು ಕೂತಿದ್ದೆ. ಹತ್ತು ನಿಮಿಷ ಅಂದೋನು ಒಂದು ಗಂಟೆ ಕೂತೆ. ಕನೆಕ್ಟ್ ಆಯ್ತು, ಖುಷಿಯಾಯ್ತು. ಅಷ್ಟೊತ್ತಿಗೆ ಹೊರಗೆ ಏಣಿ ಬಿದ್ದ ಸದ್ದು.

ನಾಲ್ಕೇ ಮೆಟ್ಟಿಲು ಹತ್ತಿದ್ರು. ಬೇರೆಯವರಿಗೆ ಅಷ್ಟು ವರ್ಷ ಏಣಿ ಹಿಡಿದೋರು, ತಾವು ಹತ್ತಿದ ದಿನ ಕೆಳಗೆ ಯಾರೂ ಇರಲಿಲ್ಲ. ಸೊಂಟ ಮುರಿದಿತ್ತು.

ಮಡಿಕೇರಿ ಆಸ್ಪತ್ರೆಗೆ ಕರಿಕೆಯಿಂದ ಅವರ ಮಗಳು ಬಂದ್ಲು. ಅಳ್ತಾ ಅಳ್ತಾ ಬೈದ್ಲು, "ಪಕ್ಕದಲ್ಲೇ ಹುಡುಗ ಇದಾನೆ, ಒಂದು ಮಾತು ಕರೆಯೋಕೆ ಆಗಲಿಲ್ವಾ ನಿಂಗೆ?"

ನಾನು ಮಂಚದ ಕಾಲ ಹತ್ರ ನಿಂತಿದ್ದೆ. ದೊಡ್ಡಮ್ಮ ನನ್ನ ಕಡೆ ನೋಡ್ಲೇ ಇಲ್ಲ. "ಕರೀಲಿಲ್ಲ ಮಗಳೇ. ನಂದೇ ಕೊಬ್ಬು," ಅಂದ್ರು.

ನಾನು ಬಾಯಿ ಬಿಡಬೇಕಿತ್ತು. ಕ್ಯಾಂಟೀನಿಗೆ ಹೋಗಿ ಕಾಫಿ ತಂದುಕೊಟ್ಟೆ.

ಆಮೇಲೆ ಅವರು ಏಳ್ಲಿಲ್ಲ. ದಿನಾ ಹೋಗಿ ಕೂರ್ತಿದ್ದೆ, ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಮೆಣಸು ಹಣ್ಣಾಗೋಕೆ ಮುಂಚೆ ಹೋಗ್ಬಿಟ್ರು. ಮಗಳು ಈಗಲೂ ಫೋನ್ ಮಾಡ್ತಾಳೆ. "ಅಮ್ಮನ್ನ ಕೊನೆಗೆ ನೀನೇ ನೋಡ್ಕೊಂಡಿದ್ದು ಅಣ್ಣ," ಅಂತಾಳೆ. ಹೂಂ ಅಂತೀನಿ.

ಇದನ್ನ ಬರೆದು ಮೊದಲು ಅವಳಿಗೇ ಕಳಿಸ್ತಾ ಇದೀನಿ. ತಂಗಿ, ನಿಮ್ಮಮ್ಮ ಕರೆದಿದ್ರು. ನಂಗೆ ಕೇಳಿಸಿತ್ತು.