ಸಿದ್ದಾಪುರದಲ್ಲಿ ಸುತ್ತಿಸಿದ ಗಿಟಾರು

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವರು ಸ್ಕ್ರೂಡ್ರೈವರ್ ಹಿಡಿಯಬಾರದು. ಬಾಯಿಗೆ ಬಂದದ್ದೆಲ್ಲ ಕೈಗೂ ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ನಲವತ್ತು ದಾಟಿದ ಮೇಲೆ ಗಿಟಾರ್ ಕಲಿಯಲು ಹೊರಟ ನನ್ನಂಥ ಮೇಡಮ್ಮಿಗೆ ಆ ಭ್ರಮೆ ಸ್ವಲ್ಪ ಜಾಸ್ತಿಯೇ ಇತ್ತು.

ಜೆ.ಪಿ. ನಗರದ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಒಂದೇ ವಾರವಿತ್ತು. ಮೊದಲ ಸಲ ವೇದಿಕೆ ಹತ್ತುತ್ತೇನೆಂದು ಸ್ಟಾಫ್ ರೂಮಿಗೆ, ಒಂಬತ್ತನೇ ಕ್ಲಾಸಿನ ಎರಡೂ ಸೆಕ್ಷನ್ನಿಗೆ, ಹಾಲಿನ ಬೂತಿನವರಿಗೂ ಡಂಗುರ ಸಾರಿದ್ದೆ. ಆದರೆ ನನ್ನ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರಿನದು ಡಬ್ಬದೊಳಗಿಂದ ಬಂದಂಥ ದನಿ. ಅದನ್ನು ಸರಿಮಾಡಲು ವಿಡಿಯೊ ನೋಡಿಕೊಂಡು ಎರಡು ಪಿಕಪ್‌ಗಳಲ್ಲಿ ಒಂದನ್ನು ಬಿಚ್ಚಿದೆ. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ಹಿಡಿಯುವ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಸುರುಳಿ. ಸ್ಕ್ರೂಡ್ರೈವರ್ ಜಾರಿ ಸುರುಳಿ ಹರಿಯಿತು.

ಹೊಸದು ಬರಲು ಎರಡು ವಾರ ಎಂದರು ಅಂಗಡಿಯವರು. ಉಳಿದ ಒಂದರಲ್ಲೇ ನುಡಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತಿತ್ತು. ಊರಿಗೆಲ್ಲ ಹೇಳಿ ಕೂತವಳ ಮಾನ ಹರಾಜಾಗುವುದೊಂದೇ ಬಾಕಿ.

"ಮಿಕ್ಸಿ ಸುಟ್ಟಾಗ ಸಿದ್ದಾಪುರದವ್ರು ಸುತ್ಕೊಟ್ರಲ್ಲ, ಅವ್ರ ಹತ್ರಾನೇ ತಗೊಂಡ್ಹೋಗು" ಎಂದರು ನನ್ನ ಗಂಡ. ಅವರು ಹೇಳಿದ್ದು ಗೇಲಿಗೆ. ನಾನು ಆಟೊ ಹತ್ತಿದೆ.

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಆ ವೈಂಡಿಂಗ್ ಅಂಗಡಿಯ ಹಿರಿಯರು ಫ್ಯಾನು, ಪಂಪುಗಳ ಮಧ್ಯೆ ಕೂತು ನನ್ನ ಪಿಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ತಿರುಗೋದೇ ಇಲ್ವಾ ಮೇಡಂ?"

"ಇಲ್ಲ ಅಂಕಲ್, ಕೇಳಿಸ್ಕೊಳ್ಳುತ್ತೆ ಅಷ್ಟೇ."

"ತಿರುಗದೇ ಇರೋ ಮೋಟರ್ರು! ಆಗ್ಲಿ, ಸುತ್ತೋಣ. ಸಣ್ಣ ತಂತಿ ಒಂದ್ ರೀಲ್ ಉಳಿದಿದೆ."

ಶುಕ್ರವಾರ ಶಾಲೆ ಬಿಟ್ಟವಳೇ ಗಿಟಾರನ್ನೂ ಅದರ ಸ್ಪೀಕರ್ ಪೆಟ್ಟಿಗೆಯನ್ನೂ ಹೊತ್ತು ಹೋದೆ. ಅವರು ಸುತ್ತಿದ್ದನ್ನು ಕೂರಿಸಿ ಬೆಸುಗೆ ಹಾಕಿದರು. ರಿಪೇರಿಯಾದ ಮೋಟರಿಗೆ ಕುಂಕುಮವಿಡದೆ ಕರೆಂಟು ಕೊಡುವ ಪದ್ಧತಿ ಅಲ್ಲಿಲ್ಲ. ಗಿಟಾರಿಗೂ ಬೊಟ್ಟಿಟ್ಟರು. ಎರಡೂ ಪಿಕಪ್ ಕೂಡಿಸಿ ನುಡಿಸಿದರೆ ದನಿ ಮೊದಲಿಗಿಂತಲೂ ಸೊರಗಿತ್ತು.

ನನಗೆ ಅಳು ಬಂತು, ಅದು ಸಿಟ್ಟಾಗಿ ಹೊರಬಿತ್ತು. "ಸರಿಯಾಗಿ ಸುತ್ತಿಲ್ಲ ನೀವು!"

ಅವರು ತಲೆಯೆತ್ತಲೂ ಇಲ್ಲ. "ಸುತ್ತಿರೋದು ಸರೀಗೇ ಇದೆ. ಒಂದು ಮುಂದಕ್ಕೆ ಎಳೀತಿದೆ, ಇನ್ನೊಂದು ಹಿಂದಕ್ಕೆ. ಪಂಪು ಉಲ್ಟಾ ತಿರುಗಿದ್ರೆ ಏನ್ ಮಾಡ್ತೀವಿ? ಎರಡು ವೈರ್ ಅದಲು ಬದಲು."

ಎರಡು ಅಲೆಗಳ ದಿಕ್ಕು ವಿರುದ್ಧವಾದರೆ ಒಂದು ಇನ್ನೊಂದನ್ನು ಅಳಿಸುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವವಳು ನಾನು. ತಪ್ಪಿದ ಮಕ್ಕಳಿಗೆ ಹತ್ತು ಸಲ ಬರೆಸಿದ್ದೇನೆ. ನಾಚಿಕೆಯಾಯಿತು. ತಪ್ಪಾಯ್ತು ಎಂದೆ. ಅವರು ಎರಡು ವೈರು ಬಿಡಿಸಿ, ಅತ್ತಲದನ್ನು ಇತ್ತ ಬೆಸೆದರು. ಹೊಗೆಯಾರುವ ಮೊದಲೇ ತಂತಿ ಮೀಟಿದೆ.

ಅಬ್ಬಾ! ದಪ್ಪಗೆ, ಬೆಚ್ಚಗೆ, ಅಂಗಡಿಯ ತುಂಬ ದನಿ. ಕಪಾಟಿನ ನಟ್ಟು ಬೋಲ್ಟುಗಳೆಲ್ಲ ಗಿಲಗಿಲ ಎಂದವು. ನಾನು ಗಿಟಾರು ತಬ್ಬಿಕೊಂಡು ಫ್ಯಾನುಗಳ ನಡುವೆ ಎರಡು ಸುತ್ತು ಕುಣಿದೇಬಿಟ್ಟೆ. ಸುಟ್ಟ ಮಿಕ್ಸಿ ತಂದಿದ್ದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, "ನಮ್ದೂ ಇವರದ್ ಥರಾನೇ ಮಾಡ್ಕೊಡಿ" ಎಂದರು.

ಭಾನುವಾರ ವೇದಿಕೆ ಹತ್ತಿದೆ. ಎದುರಿಗೆ ಒಂಬತ್ತನೇ ಕ್ಲಾಸಿನವರು, ಸ್ಟಾಫ್ ರೂಮಿನವರು, ಅವರ ಪಕ್ಕದಲ್ಲಿ ಕೈಕಟ್ಟಿ ಕೂತ ನನ್ನ ಗಂಡ. ಮೂರು ಕಡೆ ಬೆರಳು ತಪ್ಪಿತು. ತಪ್ಪಿದ್ದೂ ಆ ದನಿಯಲ್ಲಿ ಎಷ್ಟು ಚೆನ್ನಾಗಿತ್ತೆಂದರೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಮುಗಿದ ಮೇಲೆ ಯಾರೂ ಒನ್ಸ್ ಮೋರ್ ಎನ್ನಲಿಲ್ಲ. ನಾನೇ ಇನ್ನೊಮ್ಮೆ ನುಡಿಸಿದೆ.