ಹೆಪ್ಪಿನ ಹಾಗೆ ಕೊಟ್ಟ ಮಾತ್ರೆ

ಹತ್ತು ವರ್ಷ ಬಿಪಿ ಮಾತ್ರೆ ನುಂಗಿ ನುಂಗಿಯೇ ಅಜ್ಜಿ ತಲೆಸುತ್ತಿ ಬಿದ್ದಳು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಬಿದ್ದದ್ದು ನಿಜ, ಹತ್ತು ವರ್ಷವೂ ನಿಜ. ಎರಡು ನಿಜಗಳನ್ನು ಪಕ್ಕಪಕ್ಕ ನಿಲ್ಲಿಸಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದನ್ನೇ ಹೇಳಿ ಕಪ್ ಗೆದ್ದವನು ನಾನು. ಆದರೂ ಆವತ್ತು ಚಿಕ್ಕಪ್ಪನ ಪಕ್ಷ ಸೇರಿದ್ದೆ.

ಬೆಂಗಳೂರಿನ ಹೂಡಿಯಲ್ಲಿ ನಮ್ಮ ರಾಗಿ ಹೊಲವಿದ್ದ ಕಡೆ ಆಗ ಆರು ಬಾಡಿಗೆ ಮನೆಗಳಿದ್ದವು. ನಲ್ಲಿ ಹತ್ತಿರ ಬಗ್ಗಿ ಎದ್ದ ಅಜ್ಜಿ ಹಾಗೇ ಕುಸಿದು ಕೂತಳು. ಅದೇ ವಾರ ಇನ್ನೊಮ್ಮೆ.

"ನಿಲ್ಸಮ್ಮ ಆ ಮಾತ್ರೆ. ಕಿಡ್ನಿ ತಿಂದಾಕ್ತವೆ," ಅಂದ ಚಿಕ್ಕಪ್ಪ.

"ಡಾಕ್ಟ್ರನ್ನ ಕೇಳ್ದೆ ಎಂಗ್ಲಾ ನಿಲ್ಸಾದು?"

"ಇಷ್ಟು ವರ್ಷ ತಗೊಂಡ್ರೂ ಏನೂ ಆಗಲ್ಲ ಅನ್ನೋಕೆ ಆಧಾರ ಏನಜ್ಜಿ?" ಅಂದೆ ನಾನು.

"ತಡಿ, ನಿನ್ ಬಾಯಿಗೂ ಒಂದು ಮಾತ್ರೆ ಬರುಸ್ತೀನಿ."

ಡಾಕ್ಟರಮ್ಮನ ಮುಂದೆಯೂ ವಾದ ಮಂಡಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಅಜ್ಜಿಯನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಇಳಿಯುತ್ತಿತ್ತು. ಕಿಡ್ನಿ ಹೇಗಿದೆ ನೋಡೋಣ ಎಂದು ರಕ್ತ ತೆಗೆಸಿದರು. "ಈಗ ನುಂಗ್ತಿರೋ ಮಾತ್ರೆ ತೋರಿಸಿ."

ಅಜ್ಜಿ ಎಲೆಅಡಿಕೆ ಸಂಚಿಯಿಂದ ಅರ್ಧ ಖಾಲಿಯಾದ ಮಾತ್ರೆ ಪಟ್ಟಿ ತೆಗೆದಳು.

"ಇದು ನಾನು ಬರೆದದ್ದಲ್ಲ."

"ಎದುರುಮನೆ ಬಾಡಿಗೆಯಮ್ಮಂದು ಮುಗ್ದೋಗಿತ್ತು. ನಂದು ಅತ್ತು ಮಾತ್ರೆ ಕೊಟ್ಟಿದ್ದೆ. ಅವ್ಳು ಅವಳದ್ರಲ್ಲಿ ಅತ್ತು ವಾಪಸ್ ಕೊಟ್ಲು. ಎಪ್ಪು ಕೊಟ್ಟಂಗೆ. ಅದೂ ಬಿಪಿದೇ ಅಲ್ವಾ?"

ನಮ್ಮ ವಠಾರದಲ್ಲಿ ಹೆಪ್ಪು, ಕಾಫಿಪುಡಿ ಎಲ್ಲ ಹಾಗೇ ಓಡಾಡುತ್ತಿದ್ದವು. ಅಳತೆ ಸರಿಹೋದರೆ ಆಯಿತು, ಬಣ್ಣ ಯಾರೂ ಕೇಳುವುದಿಲ್ಲ. ಎದುರುಮನೆಯ ಮಾತ್ರೆ ಅಜ್ಜಿಯದಕ್ಕಿಂತ ಜೋರು, ಜೊತೆಗೆ ಮೈಯ ನೀರು ಇಳಿಸುವ ಔಷಧಿಯೂ ಸೇರಿದ್ದು. ತಲೆಸುತ್ತು ಅದರಿಂದಲೇ, ಅದನ್ನು ಬಿಟ್ಟು ಹಳೆಯದನ್ನೇ ನುಂಗಿ ಎಂದರು ಡಾಕ್ಟರಮ್ಮ.

ಎರಡು ದಿನಕ್ಕೆ ರಿಪೋರ್ಟ್ ಬಂತು. ಕಿಡ್ನಿಗೆ ಏನೂ ಆಗಿರಲಿಲ್ಲ.

"ಹತ್ತು ವರ್ಷದ ಮಾತ್ರೆ ಇವರನ್ನ ಕೆಡಿಸಿಲ್ಲ, ಕಾಪಾಡಿದೆ. ವರ್ಷಕ್ಕೊಂದ್ಸಲ ರಕ್ತ ಟೆಸ್ಟ್ ಮಾಡಿಸಿ, ನಿಂತಾಗಿನ ಬಿಪಿನೂ ನೋಡಿಸಿ," ಎಂದರು ಡಾಕ್ಟರಮ್ಮ. ಅಷ್ಟು ಹಗುರ ಮನಸ್ಸಿನಿಂದ ನಾನು ಯಾವ ಚರ್ಚೆಯನ್ನೂ ಸೋತಿರಲಿಲ್ಲ. ವಾರ ಕಳೆಯುವುದರೊಳಗೆ ಅಜ್ಜಿ ನಲ್ಲಿ ಹತ್ತಿರ ನೆಟ್ಟಗೆ ನಿಂತು ಎಲ್ಲರನ್ನೂ ಬೈಯುತ್ತಿದ್ದಳು.

ಒಂದು ಸಂಜೆ ಎದುರುಮನೆಯಮ್ಮ ಲೋಟ ಹಿಡಿದು ಹೆಪ್ಪು ಕೇಳಲು ಬಂದರು. ಅವರನ್ನು ಕಂಡಾಗಲೇ ನನಗೆ ಹೊಳೆದದ್ದು. ಕೇಳಿದೆ: "ಅಮ್ಮಾ, ಅಜ್ಜಿದು ಕಮ್ಮಿ ಪವರಿನ ಮಾತ್ರೆ. ಅದನ್ನ ನೀವು ನುಂಗಿದ ಆ ಹತ್ತು ದಿನ ನಿಮ್ಮ ಬಿಪಿ ಎಷ್ಟಿತ್ತು, ಯಾರಾದ್ರೂ ನೋಡಿದ್ರಾ?"