ಝೀಟಾ ಬಾಯಿಯ ಫ್ರಾನ್ಸ್

ಶಿರ್ವದ ಝೀಟಾ ಬಾಯಿಯಿಂದ ಮದುವೆಯ ಗೌನು ಹೊಲಿಸಿಕೊಳ್ಳಬೇಕೆಂದರೆ ಹುಡುಗಿಗೆ ಗಟ್ಟಿ ಎದೆ ಬೇಕು. ಝೀಟಾ ಕನ್ನಡಕದ ಮೇಲಿನಿಂದ ಅವಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು, ತುಟಿಯ ಎಡತುದಿಯನ್ನು ತುಸು ಕೆಳಗೆಳೆಯುತ್ತಿದ್ದಳು, ಆಮೇಲೆ ಟೇಪು ಬಿಚ್ಚುತ್ತಿದ್ದಳು. ಕಾಪುವಿನಿಂದ ಬಂದ ಒಬ್ಬಳು ಮೊಬೈಲಿನಲ್ಲಿ ಯಾವುದೋ ಸಿನಿಮಾ ನಟಿಯ ಗೌನು ತೋರಿಸಿದಾಗ ಅವಳು ಹೇಳಿದ್ದು ಇಷ್ಟೆ: "ಆ ಹುಡುಗಿಗೆ ಕುತ್ತಿಗೆ ಉಂಟು. ನಿನಗೆ ಎಲ್ಲಿ ಉಂಟು?" ಹುಡುಗಿ ಅತ್ತಳು. ಆದರೆ ಬಟ್ಟೆಯನ್ನು ವಾಪಸು ಕೊಂಡುಹೋಗಲಿಲ್ಲ. ಝೀಟಾ ಹೊಲಿದ ಗೌನಿನ ನೆರಿಗೆ ಕೂರುವ ಹಾಗೆ ಈ ಸುತ್ತಿನಲ್ಲಿ ಬೇರೆ ಯಾರ ಕೈಯಲ್ಲೂ ಕೂರುವುದಿಲ್ಲ. ಮೇಲಾಗಿ ಅವಳು ಫ್ರಾನ್ಸಿನಲ್ಲಿ ಇದ್ದು ಬಂದವಳು.

ಆ ಫ್ರಾನ್ಸು ಅವಳ ಕೈಯಲ್ಲಿದ್ದ ದೊಡ್ಡ ಬೆತ್ತ. ಗಲ್ಫಿಗೆ ಹೋಗಿ ಬಂದವರೆಲ್ಲರ ಬೆನ್ನ ಮೇಲೂ ಅದು ಬಿದ್ದಿತ್ತು. ತಮ್ಮ ಲೂಯಿಸ್ ಮಸ್ಕತ್ತಿನಲ್ಲಿ ದುಡಿದು ಬಂದು ಮನೆಯೆದುರು ಎಂಟು ಬಿಳಿ ಕಂಬ ನಿಲ್ಲಿಸಿದಾಗ ಅಕ್ಕ ಗೃಹಪ್ರವೇಶದ ದಿನವೇ ಎಲ್ಲರೆದುರು ಕೇಳಿದಳು: "ಈ ಕಂಬಗಳು ಎಂತದನ್ನು ಹೊತ್ತುಕೊಂಡಿವೆ ಲೂಯಿಸ್? ಮೇಲೆ ಛಾವಣಿಯೇ ಇಲ್ಲವಲ್ಲ." ಆಮೇಲೆ ಲಿಯೋಂ ನಗರದ ವರ್ಣನೆ ಶುರುವಾಯಿತು. ಕ್ರುವಾ-ರೂಸ್ ಎಂಬ ಗುಡ್ಡ, ಗುಡ್ಡದ ಮೇಲೆ ಇನ್ನೂರು ವರ್ಷದ ಕಲ್ಲಿನ ಕಟ್ಟಡ, ರೇಷ್ಮೆಯವರು ಇದ್ದ ಮನೆ. ತಲೆಯೆತ್ತಿದರೆ ಕುತ್ತಿಗೆ ನೋಯುವಷ್ಟು ಎತ್ತರದ ಸೀಲಿಂಗು. ಇಬ್ಬರು ಗಂಡಸರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತಷ್ಟು ಎತ್ತರದ ಕಿಟಕಿ. "ಆ ಊರಿನಲ್ಲಿ ಎಂಟು ವರ್ಷ ಇದ್ದವಳು ನಾನು," ಎಂದು ಅವಳು ಮಾತು ಮುಗಿಸುತ್ತಿದ್ದಳು.

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಝೀಟಾ ಅರ್ಧಕ್ಕೆ ನಿಲ್ಲಿಸುತ್ತಿದ್ದಳು, ಅಷ್ಟೆ.

ಉಳಿದರ್ಧ ಹೀಗಿತ್ತು. ಕುವೈಟಿನಲ್ಲಿ ಒಬ್ಬ ಫ್ರೆಂಚ್ ಇಂಜಿನಿಯರನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅವಳನ್ನು ಆ ಕುಟುಂಬ ೧೯೮೬ರಲ್ಲಿ ತಮ್ಮ ಊರಾದ ಲಿಯೋಂಗೆ ಮರಳುವಾಗ ಜೊತೆಗೆ ಕರೆದೊಯ್ದಿತು. ಎರಡು ವರ್ಷದಲ್ಲಿ ಮಕ್ಕಳು ದೊಡ್ಡವರಾದರು, ಅವಳು ಬೇಡವಾದಳು. ಆಗಿನ್ನೂ ಬಡವರ ಕೇರಿಯಾಗಿದ್ದ ಆ ಗುಡ್ಡದ ಇಳಿಜಾರಿನಲ್ಲಿ ನಾಲ್ಕನೇ ಮಹಡಿಯ ಒಂದೇ ಒಂದು ಕೋಣೆ ಹಿಡಿದು, ಐದು ಕಟ್ಟಡಗಳ ಮೆಟ್ಟಿಲು ಗುಡಿಸಿ ತೊಳೆಯುವ ಕೆಲಸ ಮಾಡಿದಳು. ಅಷ್ಟೆತ್ತರದ ಸೀಲಿಂಗು ಇದ್ದದ್ದು ಹಿಂದೆ ಅಲ್ಲಿ ಮಗ್ಗ ನಿಲ್ಲಿಸುತ್ತಿದ್ದರು ಎಂಬ ಕಾರಣಕ್ಕೆ. ಚಳಿಗಾಲದಲ್ಲಿ ಆ ಎತ್ತರವನ್ನು ಬಿಸಿ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಮಹಡಿಯ ನಾಲ್ಕು ಕೋಣೆಗೆ ಸೇರಿ ಒಂದು ನಲ್ಲಿ, ಮೆಟ್ಟಿಲ ತಿರುವಿನಲ್ಲಿ ಒಂದು ಕಕ್ಕಸು. ೧೯೯೪ರಲ್ಲಿ ಕಾಗದಪತ್ರ ನವೀಕರಣವಾಗದೆ ಅವಳು ಊರಿಗೆ ಬಂದಳು. ಬಂದ ವಾರದಲ್ಲೇ ಯಾರೋ "ಫ್ರಾನ್ಸಿನಲ್ಲಿ ಹೇಗಿತ್ತು?" ಎಂದು ಕೇಳಿದರು. ಅವಳು ಸೀಲಿಂಗಿನಿಂದ ಶುರುಮಾಡಿದಳು. ಆಮೇಲೆ ಕೆಳಗಿಳಿಯಲು ಮೂವತ್ತು ವರ್ಷ ಅವಕಾಶ ಸಿಗಲಿಲ್ಲ.

ಅವಳಿಗೆ ಅರವತ್ತೇಳು ವರ್ಷವಾದಾಗ ಇಗರ್ಜಿಯವರು ಫ್ರಾನ್ಸಿನಲ್ಲಿರುವ ಮಾತೆ ಮರಿಯಳ ಕ್ಷೇತ್ರ ಲೂರ್ದ್‌ಗೆ ಯಾತ್ರೆ ಹೊರಡಿಸಿದರು. ಉಡುಪಿಯಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿದ್ದ ಕಲ್ಯಾಣಪುರದ ಬೆಂಜಮಿನ್ ಅದರ ಮುಂದಾಳು. ಲೂಯಿಸನ ಸೊಸೆ, ನಿಟ್ಟೆಯ ಕಾಲೇಜಿನಲ್ಲಿ ಪಾಠ ಮಾಡುವ ಶರೋನ್, ಆಂಟಿಯ ಹೆಸರನ್ನೂ ಬರೆಸಿ ಬಂದಳು.

"ಆಂಟಿ, ದಾರಿಯಲ್ಲಿ ಲಿಯೋಂ ಸಹ ಉಂಟು. ಎರಡು ದಿನ. ನಿಮ್ಮ ಆ ಮನೆ ನೋಡಬಹುದು."

ಝೀಟಾಳ ಕೈಯಲ್ಲಿದ್ದ ಕತ್ತರಿ ನಿಂತಿತು. "ಎಂತಕ್ಕೆ? ಕಲ್ಲು ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾ? ಕಾರ್ಕಳದಲ್ಲಿ ಬೇಕಾದಷ್ಟು ಉಂಟು."

ಮೊಣಕಾಲು ನೋವು ಎಂದಳು. ಶರೋನ್ ಮಣಿಪಾಲದಿಂದ ಮೊಣಕಾಲಿನ ಪಟ್ಟಿ ತಂದಳು. ಗೌನುಗಳು ಬಾಕಿ ಎಂದಳು. ಯಾತ್ರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿತ್ತು, ಆಗ ಮದುವೆಗಳೇ ಇರುವುದಿಲ್ಲ. ನೆಪಗಳು ಮುಗಿದವು. ವಿಮಾನದಲ್ಲಿ ಅವಳು ಜಪಸರ ಹಿಡಿದುಕೊಂಡೇ ಕೂತಿದ್ದಳು. ಎಷ್ಟು ಭಕ್ತಿ ಎಂದು ಪಕ್ಕದವರು ಮೆಚ್ಚಿದರು. ಆ ಕಟ್ಟಡ ಬಿದ್ದುಹೋಗಿರಲಿ ಎಂದು ಅವಳು ಮಾತೆ ಮರಿಯಳಲ್ಲಿ ಬೇಡಿಕೊಳ್ಳುತ್ತಿದ್ದಳು.

ಹದಿನಾಲ್ಕು ಜನರ ಆ ಗುಂಪು ಝೀಟಾಳ ಕಣ್ಣಿಗೆ ದೇವರು ಕೊಟ್ಟ ಶಿಕ್ಷೆಯ ಹಾಗೆ ಕಂಡಿತು. ಒಬ್ಬರು ಹೋಟೆಲಿನ ಕೋಣೆಯಲ್ಲಿ ಕುಕ್ಕರಿಟ್ಟು ಕುಚ್ಚಲಕ್ಕಿ ಗಂಜಿ ಬೇಯಿಸಲು ಹೋಗಿ, ಹೊಗೆಯ ಗಂಟೆ ಬಾರಿಸಿ, ಇಡೀ ಹೋಟೆಲನ್ನು ಬೀದಿಗೆ ತಂದರು. ಬೆಂಜಮಿನ್ ಕೋಲಿಗೆ ಕೆಂಪು ಬಾವುಟ ಕಟ್ಟಿಕೊಂಡು, ಮಾತು ಮಾತಿಗೆ ಸೀಟಿ ಊದುತ್ತಿದ್ದ. "ದನ ಮೇಯಿಸುವವರೂ ಇಷ್ಟು ಸದ್ದು ಮಾಡುವುದಿಲ್ಲ ಬೆಂಜಮಿನ್," ಎಂದಳು ಝೀಟಾ. ಅವನು ನಕ್ಕುಬಿಟ್ಟ. ನಗುವವರ ಮೇಲೆ ಅವಳಿಗೆ ಇನ್ನೂ ಸಿಟ್ಟು.

ಲಿಯೋಂನ ಮೊದಲನೇ ಬೆಳಿಗ್ಗೆ ಶರೋನ್ ಗುಡ್ಡ ಹತ್ತಲು ಹೊರಟಾಗ ಇಡೀ ಗುಂಪು ಹಿಂದೆ ಬಂತು. ಬೆಂಜಮಿನ್ ಒಬ್ಬ ಗೈಡ್ ಹುಡುಗಿಯನ್ನೂ ಗೊತ್ತುಮಾಡಿದ್ದ. ಇಳಿಜಾರಿನ ಬೀದಿಗೆ ತಿರುಗಿದೊಡನೆ ಝೀಟಾಳಿಗೆ ದಾರಿ ತಪ್ಪಿದೆ ಎನಿಸಿತು. ಕಪ್ಪು ಹಿಡಿದಿದ್ದ ಗೋಡೆಗಳೆಲ್ಲ ಬೆಣ್ಣೆ ಬಣ್ಣಕ್ಕೆ ತಿರುಗಿದ್ದವು. ಚಪ್ಪಲಿ ರಿಪೇರಿಯವನ ಅಂಗಡಿಯಿದ್ದಲ್ಲಿ ಸಾಬೂನಿನ ಅಂಗಡಿ, ಕಲ್ಲಿದ್ದಲಿನವನ ಅಂಗಡಿಯಿದ್ದಲ್ಲಿಯೂ ಸಾಬೂನಿನ ಅಂಗಡಿ. ಇಷ್ಟು ಸಾಬೂನಿನಲ್ಲಿ ಇವರು ಎಂತ ತೊಳೆಯುತ್ತಾರೆ? ಅವಳಿದ್ದ ಕಾಲದಲ್ಲಿ ಇಡೀ ಬೀದಿಗೆ ಒಂದು ತುಂಡು ಸಾಬೂನು ಸಾಕಾಗುತ್ತಿತ್ತು.

ಆಮೇಲೆ ಅವಳ ಕಟ್ಟಡ ಬಂತು. ಬಿದ್ದಿರಲಿಲ್ಲ. ಹಸಿರು ಬಾಗಿಲು, ಹಿತ್ತಾಳೆಯ ಹಿಡಿ, ಕಿಟಕಿಗಳಲ್ಲಿ ಹೂವಿನ ಕುಂಡ. ಗೈಡ್ ಗುಂಡಿಯೊತ್ತಿ ಬಾಗಿಲು ತೆರೆದಳು. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಕಟ್ಟಡದ ಹೊಟ್ಟೆಯೊಳಗಿಂದಲೇ ಹೋಗುವ ಕಮಾನಿನ ಓಣಿ, ಅದಕ್ಕೆ ಅಂಟಿಕೊಂಡ ಕಲ್ಲಿನ ದೊಡ್ಡ ಮೆಟ್ಟಿಲು, ಎಲ್ಲದರ ಮೇಲೂ ಮೆತ್ತನೆಯ ದೀಪ.

ಗುಂಪು ಉಸಿರು ಬಿಗಿಹಿಡಿಯಿತು. "ಆಂಟಿ! ಇಷ್ಟು ವರ್ಷ ನೀವು ಹೇಳಿದ್ದು ಕಡಿಮೆ," ಎಂದಳು ಶರೋನ್. ಬೆಂಜಮಿನ್ ಸೀಟಿಯನ್ನು ಜೇಬಿಗೆ ಹಾಕಿ, "ಝೀಟಾ ಬಾಯಿ, ನಿಜ ಹೇಳುತ್ತೇನೆ, ನಾನು ನಂಬಿರಲಿಲ್ಲ. ಇದು ಅರಮನೆಯೇ ಅಲ್ವಾ!" ಎಂದ.

ಮೂವತ್ತು ವರ್ಷ ಅವಳು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಫ್ರಾನ್ಸಿನವರೇ ಪೂರ್ತಿ ಮಾಡಿಕೊಟ್ಟಿದ್ದರು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ಲೂಯಿಸನ ಎಂಟು ಕಂಬಗಳು ಒಟ್ಟಿಗೆ ನೆಲಕ್ಕುರುಳುತ್ತಿದ್ದವು. ಝೀಟಾ ನಿಂತಳು ಕೂಡ. ಸಮಾಧಾನದ ಉಸಿರೊಂದು ಹೊಟ್ಟೆಯಿಂದ ಮೇಲೆ ಬರುತ್ತಿತ್ತು.

ಅಷ್ಟರಲ್ಲಿ ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ವಿವರಿಸತೊಡಗಿದಳು. ಇಲ್ಲಿನ ನೇಕಾರರು ಎತ್ತರದ ಕಿಟಕಿಯಿಂದ ಬೀಳುವ ಬೆಳಕಿನಲ್ಲಿ ಹಾಡುತ್ತ ರೇಷ್ಮೆ ನೇಯುತ್ತಿದ್ದರು. ಒಂದೇ ಕುಟುಂಬದ ಹಾಗೆ ಬಾಳುತ್ತಿದ್ದರು. ಈ ಓಣಿಗಳಲ್ಲಿ ಇಂದಿಗೂ ಆ ಆತ್ಮೀಯತೆಯ ಪರಿಮಳವಿದೆ.

ಪರಿಮಳ! ಝೀಟಾ ಮೂಗು ಅರಳಿಸಿ ಗಾಳಿ ಎಳೆದುಕೊಂಡಳು. ಏನೂ ಇರಲಿಲ್ಲ. ಒದ್ದೆ ಸುಣ್ಣದ ನಾತ, ಎಲೆಕೋಸು ಬೆಂದ ನಾತ, ಕುಡಿದವರ ಉಚ್ಚೆಯ ನಾತ, ಯಾವುದೂ ಇಲ್ಲ. ಆರು ವರ್ಷ ಮಂಡಿಯೂರಿ ಉಜ್ಜಿದರೂ ಅವಳ ಕೈಯಿಂದ ಹೋಗದ ನಾತವನ್ನು ಯಾರೋ ಪೂರ್ತಿ ತೆಗೆದುಹಾಕಿ, ಅಲ್ಲಿ ಒಂದು ಮಾತು ಇಟ್ಟಿದ್ದರು.

ನಾಲ್ಕನೇ ಮಹಡಿಗೆ ಹೋಗಬಹುದೇ ಎಂದು ಶರೋನ್ ಕೇಳಿದಳು. ಎಲ್ಲರೂ ಹತ್ತಿದರು. ಮೆಟ್ಟಿಲ ತಿರುವಿನಲ್ಲಿ ಗೋಡೆಯೊಳಗೆ ಗೂಡಿನಂಥ ಚಿಕ್ಕ ಜಾಗ. ಬಾಗಿಲಿಲ್ಲ. ಒಳಗೆ ಹಲಗೆ ಹೊಡೆದು ಪುಸ್ತಕ ಜೋಡಿಸಿದ್ದರು, ಪಕ್ಕದಲ್ಲಿ ಒಂದು ಗಿಡ. ಯಾರು ಬೇಕಾದರೂ ಕುಳಿತು ಓದಬಹುದು ಎಂದು ಗೈಡ್ ಹೇಳಿದಳು. ಬೆಂಜಮಿನ್ ಒಳಗೆ ಕೂತು, ಪುಸ್ತಕ ತೆರೆದು, ಫೋಟೋಕ್ಕೆ ಮುಖ ಸಜ್ಜುಮಾಡಿಕೊಂಡ.

"ಏಳು ಬೆಂಜಮಿನ್," ಎಂದಳು ಝೀಟಾ. "ನೀನು ಕೂತಿರುವುದು ಕಕ್ಕಸಿನಲ್ಲಿ."

ಅವನು ನಕ್ಕ.

"ನಗಬೇಡ ಮಾರಾಯ. ನಾಲ್ಕು ಮನೆಗೆ ಸೇರಿ ಇದೊಂದೇ ಕಕ್ಕಸು. ಚಳಿಗಾಲದಲ್ಲಿ ಪೈಪಿನ ನೀರು ಹೆಪ್ಪುಗಟ್ಟಿದರೆ ಕೆಳಗಿಂದ ಬಕೆಟ್ ಹೊರಬೇಕು. ಹೊರುತ್ತಿದ್ದದ್ದು ನಾನು. ಈ ಮೆಟ್ಟಿಲು ಗುಡಿಸಿ ತೊಳೆದದ್ದೂ ನಾನು. ಇದೊಂದೇ ಅಲ್ಲ, ಈ ಬೀದಿಯ ಐದು ಕಟ್ಟಡದ್ದು."

ಆಮೇಲೆ ಗೈಡ್ ಕಡೆಗೆ ತಿರುಗಿ, ತುಕ್ಕು ಹಿಡಿದಿದ್ದ ಫ್ರೆಂಚಿನಲ್ಲೇ ಹೇಳಿದಳು: ನೇಕಾರರಲ್ಲಿ ಕೊನೆಯವಳೊಬ್ಬಳು ತನ್ನ ಪಕ್ಕದ ಕೋಣೆಯಲ್ಲೇ ಇದ್ದಳು, ಹೆಸರು ಜೋಝೆತ್. ಅವಳು ಎಂದೂ ಹಾಡಿದ್ದಿಲ್ಲ, ಕೆಮ್ಮುತ್ತಿದ್ದಳು. ಒಂದೇ ಕುಟುಂಬದ ಹಾಗಂತೂ ಯಾರೂ ಇರಲಿಲ್ಲ. ನಲ್ಲಿಯೆದುರು ದಿನಾ ಜಗಳ. ಜೋಝೆತಳ ಬಾಗಿಲಿಗೆ ಈಗ ಅಂಕಿಯ ಬೀಗದ ಪುಟ್ಟ ಡಬ್ಬಿ ನೇತುಬಿದ್ದಿತ್ತು, ಎರಡು ದಿನಕ್ಕೆ ಕೋಣೆ ಹಿಡಿಯುವವರಿಗೆ ಬೀಗದಕೈ ಇಡುವಂಥದ್ದು. ಝೀಟಾ ಅದನ್ನು ಬೆರಳಿಂದ ಒಮ್ಮೆ ತಟ್ಟಿದಳು, ಸತ್ತ ಜಿರಳೆಯನ್ನು ತಟ್ಟುವ ಹಾಗೆ.

ಗೈಡ್ ಹುಡುಗಿ ನಾಚಿಕೊಳ್ಳುತ್ತಾಳೆಂದು ಅವಳು ಎಣಿಸಿದ್ದಳು. ಹುಡುಗಿಯ ಕಣ್ಣು ಹೊಳೆಯಿತು. "ಮೇಡಂ, ಎಷ್ಟು ಚಂದ! ಇನ್ನೊಮ್ಮೆ ಹೇಳುತ್ತೀರಾ? ರೆಕಾರ್ಡ್ ಮಾಡಿಕೊಳ್ಳುತ್ತೇನೆ." ಶಿರ್ವದವರ ಮೊಬೈಲುಗಳೂ ಒಂದೊಂದಾಗಿ ಮೇಲೆದ್ದವು. ಬೆಂಜಮಿನ್ ಗೂಡಿನಿಂದ ಏಳಲೇ ಇಲ್ಲ. ಕಕ್ಕಸು ಎಂದು ಗೊತ್ತಾದ ಮೇಲೆ ಉಳಿದವರಿಗೂ ಅಲ್ಲಿ ಕೂತು ಫೋಟೋ ತೆಗೆಸಿಕೊಳ್ಳಬೇಕಾಯಿತು. ಝೀಟಾ ತುಟಿಯನ್ನು ಎಳೆಯಬಲ್ಲಷ್ಟು ಕೆಳಗೆಳೆದು, ಯಾರಿಗೂ ಕಾಯದೆ ಮೆಟ್ಟಿಲಿಳಿದಳು.

ಊರಿಗೆ ಬಂದ ಮೇಲೆ ಆದದ್ದು ಇನ್ನೂ ಕೆಟ್ಟದ್ದು. ನೆರೆಮನೆಯ ವಿಲ್ಮಾ ಮಾರನೇ ದಿನವೇ ಹೊಲಿಗೆಯ ಅಂಗಡಿಗೆ ಬಂದು ಅವಳ ಕೈಹಿಡಿದಳು. "ಫೋಟೋ ನೋಡಿದೆ ಝೀಟಾ ಬಾಯಿ. ಅಂಥ ಅರಮನೆಯಲ್ಲಿ ಇದ್ದವರು, ಮೆಟ್ಟಿಲು ಗುಡಿಸಿದೆ ಎಂದು ಹೇಳಿದಿರಂತೆ. ಎಷ್ಟು ವಿನಯ ನಿಮಗೆ!"

"ವಿನಯವಾ? ನನಗಾ?" ಝೀಟಾ ಕೈ ಕಿತ್ತುಕೊಂಡಳು. "ಗುಡಿಸಿದ್ದು ಹೌದು ಮಾರಾಯ್ತಿ! ಪೊರಕೆ ಹಿಡಿದು!"

"ನೋಡಿ, ಮತ್ತೆ ಹಾಗೇ ಹೇಳುತ್ತೀರಿ," ಎಂದಳು ವಿಲ್ಮಾ, ಕಣ್ಣೊರೆಸಿಕೊಂಡು.

ಭಾನುವಾರದ ಪೂಜೆಯಲ್ಲಿ ಫಾದರ್ ಪ್ರವಚನದ ನಡುವೆ ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವ ಹಾಗೆ, ದೊಡ್ಡ ಮನೆಯಲ್ಲಿ ಬಾಳಿಯೂ ತನ್ನನ್ನು ದಾಸಿಯೆಂದು ಕರೆದುಕೊಂಡ ಒಬ್ಬ ತಾಯಿಯ ಕಥೆ ಹೇಳಿದರು. ಮುಂದಿನ ಬೆಂಚಿನವರು ತಿರುಗಿ ನೋಡಿ ಮುಗುಳ್ನಕ್ಕರು. ಮೂರನೇ ಬೆಂಚಿನಿಂದ ಝೀಟಾ ಎದ್ದು ನಿಂತಳು.

"ಫಾದರ್, ಅದು ವಿನಯ ಅಲ್ಲ. ಸಂಬಳದ ಕೆಲಸ."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಝೀಟಾ ಕುಳಿತುಬಿಟ್ಟಳು. ಇಷ್ಟು ದೊಡ್ಡ ಊರಿನಲ್ಲಿ ಒಬ್ಬರಾದರೂ ಅವಳನ್ನು ಕೀಳಾಗಿ ಕಾಣಬಾರದೇ?

ಸಂಜೆ ಶರೋನ್ ಅಂಗಡಿಗೆ ಬಂದಳು. ಕೂತು, ದಾರದ ಉಂಡೆಗಳನ್ನು ಬಣ್ಣಕ್ಕೆ ಸರಿಯಾಗಿ ಜೋಡಿಸಿದಳು. ಜೋಡಿಸಿದ್ದು ತಪ್ಪಾಗಿತ್ತು, ಝೀಟಾ ಸರಿಮಾಡಿದಳು.

"ಆಂಟಿ, ಅಲ್ಲಿ ಗೈಡ್ ಹತ್ತಿರ ಜೋಝೆತ್ ಎಂದು ಹೇಳಿದಿರಲ್ಲ, ಅವರು ಎಂಥವರು?"

ಊರಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಝೀಟಾ ಕನ್ನಡಕ ತೆಗೆದಳು.

"ಎಂಥವಳು? ಹೊಲಿಗೆ ಕಲಿಸಿದವಳು. ಮೊದಲ ಸಲ ನಾನು ಹೊಲಿದು ತೋರಿಸಿದಾಗ, ನಾಯಿ ಕಚ್ಚಿದ ಹಾಗೆ ಉಂಟು ಎಂದು ಬಿಚ್ಚಿಹಾಕಿದಳು. ಹನ್ನೊಂದು ಸಲ ಬಿಚ್ಚಿದಳು. ಹನ್ನೆರಡನೇ ಸಲ ಏನೂ ಹೇಳಲಿಲ್ಲ, ಸುಮ್ಮನೆ ನನ್ನ ಕೈಗೆ ಕೊಟ್ಟಳು. ಅಂಥ ಹೊಗಳಿಕೆ ನನಗೆ ಮತ್ತೆ ಯಾರಿಂದಲೂ ಸಿಕ್ಕಿಲ್ಲ."

"ಬಂದ ಮೇಲೆ ಕಾಗದ ಬರೆದಿದ್ದಿರಾ?"

"ಒಂದು ಬರೆದೆ, ಫ್ರೆಂಚಿನಲ್ಲೇ, ಎರಡು ಪುಟ. ಅವಳು ಉತ್ತರ ಬರೆಯಲಿಲ್ಲ. ನನ್ನ ಕಾಗದವನ್ನೇ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದಳು." ಝೀಟಾ ಕನ್ನಡಕದ ಗಾಜು ಒರೆಸಿದಳು. "ಮತ್ತೆ ಬರೆಯುವಷ್ಟರಲ್ಲಿ ತೀರಿಹೋಗಿದ್ದಳು."

"ಎಷ್ಟು ತಪ್ಪು ಇತ್ತು ಆಂಟಿ?"

"ಅದು ನಿನಗೆ ಬೇಡ," ಎಂದು ಝೀಟಾ ಕನ್ನಡಕ ಏರಿಸಿಕೊಂಡು ಮೆಷಿನಿನ ಮುಂದೆ ಕೂತಳು. ನಾಲ್ಕು ಹೊಲಿಗೆ ಹಾಕಿದ ಮೇಲೆ, ತಲೆಯೆತ್ತದೆ, "ಎರಡನೇ ಪುಟದಲ್ಲಿ ಒಂದೂ ಇರಲಿಲ್ಲ," ಎಂದಳು.